ಅಕ್ಕನ ಗೋಡೆ, ತಮ್ಮನ ಕುಲುಮೆ

ಹೆಲ್ಲರ್ಸುಮ್, ಗ್ರೋನಿಂಗನ್
ಜುಲೈ 4, 2022

ಎಲ್ಟ್ಯೋ,

ಫೋನಿನಲ್ಲಿ ಇನ್ನು ಈ ವಿಷಯ ಬೇಡ. ನೀನು ಕೂಗುತ್ತೀಯ, ನಾನು ಇನ್ನೂ ಜೋರಾಗಿ ಕೂಗುತ್ತೇನೆ, ಕೊನೆಗೆ ನಿನ್ನ ಹೆಂಡತಿ ಫೋನ್ ಕಿತ್ತುಕೊಂಡು "ನಿಮ್ಮ ಕಡೆ ಬಿಸಿಲು ಹೇಗಿದೆ?" ಎಂದು ಕೇಳುತ್ತಾಳೆ. ನಾವು ಚಿಕ್ಕವರಿದ್ದಾಗ ಜಗಳವಾಡಿದರೆ ಅಮ್ಮ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು ಅಡುಗೆಮನೆಯ ಮೇಜಿನ ಎರಡು ತುದಿಗೆ ಕೂರಿಸುತ್ತಿದ್ದಳಲ್ಲ. "ಬಾಯಲ್ಲಿ ಬೈದ್ರೆ ಗಾಳಿಗೆ ಹೋಗುತ್ತೆ. ಬರೀರಿ. ಬರೆದದ್ದಕ್ಕೆ ಬರೆದೋರೇ ಹೊಣೆ." ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರಿ.

ಇಲ್ಲಿಯ ಸುದ್ದಿ. ಊರಿನ ಅಂಚಿನ ಗ್ಯಾಸ್ ಬಾವಿಗಳನ್ನು ಮುಚ್ಚುತ್ತೇವೆ ಎಂದು ಮಾತು ಕೊಟ್ಟವರು ಈಗ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಉಕ್ರೇನಿನಲ್ಲಿ ಯುದ್ಧ ಶುರುವಾಯಿತಲ್ಲ, ಅಂದಿನಿಂದ "ಪರಿಸ್ಥಿತಿ ನೋಡಿ" ಎಂಬ ಹೊಸ ಮಂತ್ರ. ಬಾವಿಗಳನ್ನು ಸಣ್ಣಗೆ ಉರಿಯುವ ದೀಪದ ಹಾಗೆ ಇಟ್ಟುಕೊಂಡಿದ್ದಾರೆ. ಯಾವಾಗ ಬೇಕಾದರೂ ಬತ್ತಿ ಏರಿಸಬಹುದು. ಅರವತ್ತು ವರ್ಷ ನಮ್ಮ ಕಾಲಡಿಯಿಂದ ಹೀರಿದರು. ಹೀರಿದ ಜಾಗ ಕುಗ್ಗುತ್ತದೆ, ಕುಗ್ಗಿದರೆ ನೆಲ ನಡುಗುತ್ತದೆ, ನೆಲ ನಡುಗಿದರೆ ಗೋಡೆ ಬಿಡುತ್ತದೆ. ಶಾಲೆಯ ಮಗುವಿಗೂ ತಿಳಿಯುವ ಈ ಮಾತನ್ನು ಒಪ್ಪಿಕೊಳ್ಳಲು ಹೇಗ್‌ನ ಸಂಸತ್ತಿನಲ್ಲಿ ಕೂತವರಿಗೆ ದಶಕಗಳೇ ಬೇಕಾದವು. ಒಪ್ಪಿದ ಮೇಲೂ ಏನು ಮಾಡಿದರು? ರಸ್ತೆಯ ಈ ಬದಿಗೆ ದುರಸ್ತಿ, ಆ ಬದಿಗೆ ಇಲ್ಲ! ಅಂಚೆಯ ಪಿನ್‌ಕೋಡ್ ನೋಡಿ ಬಿರುಕು ಎಣಿಸುವ ಸರ್ಕಾರ ನಮ್ಮದು. ಎದುರುಮನೆಯ ಮೆನ್ನೋ ಆ ಬದಿಯವನು. ಅವನಿಗೆ ಒಂದು ಇಟ್ಟಿಗೆಯೂ ಸಿಕ್ಕಿಲ್ಲ. ನಮ್ಮ ಹೋರಾಟದ ಸಮಿತಿಗೆ ಈ ವರ್ಷವೂ ನನ್ನನ್ನೇ ಮುಂದೆ ನಿಲ್ಲಿಸಿದ್ದಾರೆ. ಅವನೇ ನನ್ನ ಹೆಸರು ಹೇಳಿದ.

ಊರಿನ ಚರ್ಚಿನ ಸಭಾಂಗಣದಲ್ಲಿ ಉಕ್ರೇನಿನಿಂದ ಓಡಿಬಂದ ನಾಲ್ಕು ಸಂಸಾರಗಳಿವೆ. ಲೆಸ್ಯಾ ಎಂಬಾಕೆ ಖಾರ್ಕಿವ್‌ನವಳು, ದಿನಾ ಬೆಳಿಗ್ಗೆ ಬಂದು ನನ್ನ ಹಸುಗಳಿಗೆ ಕೈ ಹಚ್ಚುತ್ತಾಳೆ. ಬೇಡ ಎಂದರೆ ಕೇಳುವುದಿಲ್ಲ.

ಮನೆಯ ಬಗ್ಗೆ ನೀನು ಕೇಳಿದ್ದೆ. ಮನೆ ನಿಂತಿದೆ. ಅಪ್ಪ ಕಟ್ಟಿಸಿದ್ದು, ಅಷ್ಟು ಸುಲಭಕ್ಕೆ ಅಲ್ಲಾಡುವುದಿಲ್ಲ. ನೀನು ಚಿಂತೆ ಮಾಡಬೇಡ.

ಫ್ರೌಕೆ

ಹೋಲ್ಟ್‌ಕಾಂಪ್, ವೆಸ್ಟ್‌ಫಾಲಿಯಾ, ಜರ್ಮನಿ
ಜುಲೈ 29, 2022

ಅಕ್ಕಾ,

ಸರಿ, ಬರೆಯುತ್ತೇನೆ. ಆದರೆ ನನ್ನ ಕೈ ಗಾಜಿನ ಕಾರ್ಖಾನೆಯಲ್ಲಿ ಸವೆದ ಕೈ. ಅಕ್ಷರ ಕೆಟ್ಟದಾಗಿದ್ದರೆ ಬೈಯಬೇಡ.

ಬಾಲ್ಟಿಕ್ ಸಮುದ್ರದಡಿಯ ಕೊಳವೆಯಲ್ಲಿ ಮಾಸ್ಕೋದವರು ಈ ವಾರ ಐದರಲ್ಲಿ ಒಂದು ಪಾಲು ಮಾತ್ರ ಬಿಡುತ್ತಿದ್ದಾರೆ. ನಮ್ಮ ಬರ್ಲಿನ್ನಿನ ಜಾಣರು ಅಗ್ಗದ ಗ್ಯಾಸ್ ಎಂದು ಇಡೀ ದೇಶದ ಮೂಗುದಾರವನ್ನು ಒಬ್ಬನ ಕೈಗೆ ಕೊಟ್ಟರು. ಅವನು ಈಗ ಎಳೆಯುತ್ತಿದ್ದಾನೆ. ನೋವು ಯಾರ ಮೂಗಿಗೆ? ಹಗ್ಗ ಕೊಟ್ಟವರ ಮೂಗಿಗಂತೂ ಅಲ್ಲ.

ಕಾರ್ಮಿಕ ಮಂಡಳಿಯ ಅಧ್ಯಕ್ಷ ಎಂದು ನನ್ನನ್ನು ದಿನಾ ಕೇಳುತ್ತಾರೆ, "ಏನ್ರೀ ಡೈಕೆಮಾ, ಚಳಿಗಾಲಕ್ಕೆ ಗ್ಯಾಸ್ ಇರುತ್ತಾ?" ನಾನೇನು ಹೇಳಲಿ? ಗಾಜಿನ ಕುಲುಮೆ ನಿನ್ನ ಒಲೆಯಲ್ಲ ಅಕ್ಕ, ಆರಿಸಿ ನಾಳೆ ಹಚ್ಚುವುದಕ್ಕೆ. ಒಮ್ಮೆ ಹಚ್ಚಿದರೆ ಹದಿನೈದು ವರ್ಷ ಹಗಲಿರುಳು ಉರಿಯಬೇಕು. ಗ್ಯಾಸ್ ನಿಂತರೆ ಒಳಗಿನ ಗಾಜು ಕಲ್ಲಾಗುತ್ತದೆ, ಕುಲುಮೆ ಒಡೆಯುತ್ತದೆ, ಆಮೇಲೆ ಅದು ಕಸ. ಮುನ್ನೂರ ನಲವತ್ತು ಜನ ಅದರ ಸುತ್ತ ಬದುಕುತ್ತಿದ್ದೇವೆ. ಔಷಧದ ಸೀಸೆ, ಉಪ್ಪಿನಕಾಯಿ ಭರಣಿ, ಅದೇ ನಮ್ಮ ಊರು.

ಇನ್ನೊಂದು ಮಾತು. ನಿನಗೂ ಗೊತ್ತು, ನಮ್ಮ ಭಾಗದ ಕೊಳವೆಗೆ ಬರುವುದು ರಷ್ಯಾದ ಗ್ಯಾಸ್ ಅಲ್ಲ, ನಿಮ್ಮ ನೆಲದ್ದು. ಗ್ರೋನಿಂಗನ್‌ನ ಗ್ಯಾಸಿನ ಶಾಖ ಕಡಿಮೆ. ಅದಕ್ಕೇ ಹೊಂದಿಸಿದ ಬರ್ನರುಗಳು ನಮ್ಮವು. ರಷ್ಯಾದ್ದು ನಿಂತರೆ ಇಡೀ ದೇಶ ಇದಕ್ಕೂ ಕೈ ಚಾಚುತ್ತದೆ. ಹಾಗಾಗಿ ಕೇಳುತ್ತೇನೆ, ಕೋಪಿಸಿಕೊಳ್ಳಬೇಡ: ಒಂದೇ ಚಳಿಗಾಲಕ್ಕೆ ಬತ್ತಿ ಸ್ವಲ್ಪ ಏರಿಸಿದರೆ ಏನಾಗುತ್ತದೆ?

ಇದು ನಮ್ಮಿಬ್ಬರ ನಡುವೆ ಇರಲಿ. ಈ ಕುಲುಮೆಯನ್ನು ಎಣ್ಣೆಯಲ್ಲೂ ಉರಿಸಬಹುದು. ಬರ್ನರ್ ಬದಲಿಸಬೇಕು, ಟ್ಯಾಂಕ್ ಕೂರಿಸಬೇಕು. ಮೇ ತಿಂಗಳಲ್ಲೇ ಎಂಜಿನಿಯರುಗಳು ಹೇಳಿದರು. ಮಾಲೀಕ ಬ್ರೋಕ್‌ಹೋಫ್ "ಈಗ ಬೇಡ" ಎಂದ. ಗ್ಯಾಸ್ ಕೊಡಿ ಎಂದು ಸರ್ಕಾರದ ಮೇಲೆ ಒತ್ತಡ ಹಾಕಿದರೆ ಆ ಖರ್ಚು ಉಳಿಯುತ್ತದೆ, ಅದೇ ಅವನಿಗೆ ಲಾಭ. ಮಂಡಳಿಯ ಸಭೆಯಲ್ಲಿ ಗುಟ್ಟು ಎಂದು ಮುದ್ರೆ ಒತ್ತಿ ಹೇಳಿದ್ದಾನೆ. ಹೊರಗೆ ಬಾಯಿಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಕಾನೂನೂ ಅವನ ಕಡೆಗಿದೆ. ನಿನಗೆ ಯಾಕೆ ಹೇಳಿದೆ? ಯಾರಿಗಾದರೂ ಹೇಳಬೇಕಿತ್ತು.

ಎಲ್ಟ್ಯೋ

ಹೆಲ್ಲರ್ಸುಮ್
ಆಗಸ್ಟ್ 17, 2022

ಎಲ್ಟ್ಯೋ,

ಒಂದೇ ಚಳಿಗಾಲ! ಈ ಮಾತನ್ನು ನಾನು ಮೊದಲ ಸಲ ಕೇಳಿದಾಗ ನನಗೆ ಜಡೆಯಿತ್ತು. ಒಂದೇ ಚಳಿಗಾಲ, ಒಂದೇ ವರ್ಷ, ಒಂದೇ ಬಾವಿ. ನಮ್ಮ ನೆಲದ ಗ್ಯಾಸಿನಿಂದ ಈ ದೇಶ ಅಣೆಕಟ್ಟು ಕಟ್ಟಿತು, ರಸ್ತೆ ಹಾಸಿತು, ಆಸ್ಪತ್ರೆ ತೆರೆಯಿತು. ನಮ್ಮ ಊರಿಗೆ ಬಂದದ್ದು ಮರದ ಕಂಬಗಳು, ಗೋಡೆ ಬೀಳದ ಹಾಗೆ ಆನಿಸಲು. ಇಲ್ಲ ತಮ್ಮಾ. ಏರಿಸುವುದಿಲ್ಲ. ಬಾವಿಯ ಗೇಟಿಗೆ ನನ್ನನ್ನು ಕಟ್ಟಿಹಾಕಿಕೊಂಡಾದರೂ ಸರಿ.

ನಿನ್ನ ಕುಲುಮೆಯ ಜನರ ಮೇಲೆ ನನಗೆ ಸಿಟ್ಟಿಲ್ಲ. ಬ್ರೋಕ್‌ಹೋಫ್‌ನ ಮೇಲಿದೆ. ಎಣ್ಣೆಯಲ್ಲಿ ಉರಿಯುತ್ತದೆ ಎಂದು ನಿನಗೆ ಗೊತ್ತಿದ್ದೂ ನನ್ನ ನೆಲ ಕೇಳುತ್ತೀಯಲ್ಲ, ನಿನ್ನ ಮೇಲೂ ಇದೆ. ಗುಟ್ಟು ಹೊರಗೆ ಹೋಗುವುದಿಲ್ಲ, ಭಯಬೇಡ.

ಹೋದ ವಾರ ನೆಲ ನಡುಗಿತು. ಬೆಳಗಿನ ಹಾಲು ಕರೆಯುವ ಹೊತ್ತು. ಹಸುಗಳು ಮೊದಲು ಕಾಲು ಝಾಡಿಸಿದವು, ಆಮೇಲೆ ಗೊರಗೊರ ಸದ್ದು, ಲಾರಿ ಮನೆಯೊಳಗೇ ಬಂದ ಹಾಗೆ. ಲೆಸ್ಯಾ ಬಕೆಟ್ ಎಸೆದು ಮೇವಿನ ತೊಟ್ಟಿಯ ಕೆಳಗೆ ನುಗ್ಗಿದಳು. ಎರಡೂ ಕೈ ತಲೆಯ ಮೇಲೆ. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಹರುಕುಮುರುಕು ಭಾಷೆಯಲ್ಲಿ ಕೇಳಿದಳು, "ಯಾರ ಬಾಂಬು ಇದು?"

"ಬಾಂಬಲ್ಲ. ಗ್ಯಾಸ್ ತೆಗೆದದ್ದಕ್ಕೆ ಹೀಗೆ."

"ಯಾರು ತೆಗೆದರು? ರಷ್ಯನ್ನರಾ?"

"ಇಲ್ಲವ್ವ. ನಮ್ಮೋರೇ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಲಂಗ ಕೊಡವಿ ಹೇಳಿದಳು, "ನಿಮ್ಮೋರೇ ಹಾಕಿದ್ರೂ ಓಡಲಿಲ್ವಲ್ಲ ನೀವು!"

ನಾನು ನಕ್ಕೆ. ಆಮೇಲೆ ಇಬ್ಬರೂ ಚೆಲ್ಲಿದ ಹಾಲು ತೊಳೆದೆವು.

ಮನೆಗೇನೂ ಆಗಿಲ್ಲ. ಹೇಗೋ ನಡೆಯುತ್ತಿದೆ.

ಫ್ರೌಕೆ

ಹೋಲ್ಟ್‌ಕಾಂಪ್
ಸೆಪ್ಟೆಂಬರ್ 30, 2022

ಅಕ್ಕಾ,

ತಡವಾಯಿತು. ಇಲ್ಲಿ ಉಸಿರಾಡಲು ಬಿಡುವಿಲ್ಲ. ಸಮುದ್ರದಡಿಯ ಕೊಳವೆಯೇ ಸಿಡಿದುಹೋಯಿತಲ್ಲ, ಟಿವಿಯಲ್ಲಿ ನೋಡಿರುತ್ತೀಯ, ನೀರು ಕುದಿಯುವ ಹಾಗೆ. ಯಾರು ಮಾಡಿದರೋ, ಎಲ್ಲರೂ ಎಲ್ಲರ ಕಡೆ ಬೆರಳು ತೋರಿಸುತ್ತಿದ್ದಾರೆ. ಕಾರ್ಖಾನೆಯಲ್ಲಿ ಯಾರೂ ತಮಾಷೆ ಮಾಡುತ್ತಿಲ್ಲ, ಅದೇ ನನಗೆ ಹೆದರಿಕೆ.

ಒಂದು ಸಣ್ಣ ಕೆಲಸ. ಮನೆಯ ಒಂದು ಫೋಟೋ ಕಳಿಸು. ಮುಂಭಾಗದ್ದು, ಅಪ್ಪನ ಹಸಿರು ಬಾಗಿಲು ಕಾಣುವ ಹಾಗೆ. ಮಕ್ಕಳು ಕೇಳುತ್ತಿದ್ದಾರೆ.

ಎಲ್ಟ್ಯೋ

ಹೆಲ್ಲರ್ಸುಮ್
ಅಕ್ಟೋಬರ್ 11, 2022

ತಮ್ಮಾ,

ಫೋಟೋ ಇದೆ, ನೋಡು. ಲೆಸ್ಯಾ ತೆಗೆದಳು. ನಾನು ಬಾಗಿಲಿಗೆ ಬಣ್ಣ ಹಚ್ಚಿ ಆಮೇಲೆ ತೆಗೆಸಿದೆ. ಮಕ್ಕಳು ಅಜ್ಜನ ಬಾಗಿಲು ಮಾಸಿದೆ ಎನ್ನಬಾರದು. ನೀನು ಮನೆ ನೆನೆಸಿಕೊಂಡೆಯಲ್ಲ, ಅದೇ ಸಾಕು. ಒಣ ಸಾಸೇಜ್ ಎರಡು ಕಟ್ಟು ಬೇರೆ ಪಾರ್ಸೆಲ್‌ನಲ್ಲಿ ಬರುತ್ತದೆ. ನಿನ್ನ ಜರ್ಮನ್ನರ ಸಾಸೇಜ್ ಸಾಬೂನು ಅಗಿದ ಹಾಗಿರುತ್ತದೆ, ನನಗೆ ಗೊತ್ತು.

ಕುಲುಮೆ ಉರಿಯುತ್ತಿದೆಯೇ? ಬರಿ.

ಫ್ರೌಕೆ

ಹೆಲ್ಲರ್ಸುಮ್
ನವೆಂಬರ್ 2, 2022

ಎಲ್ಟ್ಯೋ ಡೈಕೆಮಾ,

ಮೆನ್ನೋ ಬಂದ. ಬೂಟು ಬಿಚ್ಚಲಿಲ್ಲ, ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಜರ್ಮನ್ ಪತ್ರಿಕೆಯ ಹಾಳೆ ಚಾಚಿದ. "ಓದು. ನಿನ್ನ ತಮ್ಮ ಚೆನ್ನಾಗಿ ಮಾತಾಡ್ತಾನೆ."

ಓದಿದೆ. "ಗ್ರೋನಿಂಗನ್‌ನ ಮಗ ಹೇಳುತ್ತಾನೆ: ಭಯ ಹೆಚ್ಚು, ಬಿರುಕು ಕಡಿಮೆ." ಕೆಳಗೆ ನಾನು ಬಣ್ಣ ಹಚ್ಚಿದ ಬಾಗಿಲು. ಅದರ ಕೆಳಗೆ ನನ್ನದೇ ಮಾತು: "ಬಾವಿ ವಿರೋಧಿ ಹೋರಾಟದ ನಾಯಕಿಯೇ ನನ್ನ ಅಕ್ಕ. ಆಕೆಯೇ ಬರೆದಿದ್ದಾಳೆ, ಮನೆ ನಿಂತಿದೆ, ಅಲ್ಲಾಡುವುದಿಲ್ಲ, ಚಿಂತೆ ಮಾಡಬೇಡ ಎಂದು."

ನಿನ್ನ ಮಕ್ಕಳು ಕೇಳಿದ್ದರೇ? ನಾಚಿಕೆಗೇಡಿ!

ಈಗ ಕೇಳು, ಮನೆ ಹೇಗಿದೆ ಎಂದು ಹೇಳುತ್ತೇನೆ. ಮಾರ್ಚ್‌ನಲ್ಲಿ ಹೊಗೆಗೂಡು ಬಿತ್ತು, ಅಡುಗೆಮನೆಯ ಛಾವಣಿ ಒಡೆದುಕೊಂಡು. ಹಿಂದಿನ ಗೋಡೆಯ ಬಿರುಕಿನಲ್ಲಿ ನನ್ನ ಮುಂಗೈ ಹೋಗುತ್ತದೆ. ಕೊಟ್ಟಿಗೆಯ ಕೆಳಗಿನ ಸಗಣಿ ಗುಂಡಿ ಸೀಳಿದೆ, ಗಂಜಲವು ಕುಡಿಯುವ ನೀರಿನ ಬಾವಿಗೆ ಇಳಿಯುತ್ತಿದೆ. ಮೇ ತಿಂಗಳಲ್ಲಿ ಮನೆ ಪರೀಕ್ಷೆಗೆ ಬಂದ ಹುಡುಗಿ "ಅಮ್ಮಾ, ಇದರೊಳಗೆ ಮಲಗಬೇಡಿ" ಎಂದು ಕೈ ಹಿಡಿದಳು. ಅಂದಿನಿಂದ ರಸ್ತೆಗೆ ಕಾಣದ ಹಿಂದಿನ ಅಂಗಳದಲ್ಲಿ ಹಳೆಯ ಕ್ಯಾರವಾನ್ ಗಾಡಿ ನಿಲ್ಲಿಸಿಕೊಂಡು ಅದರಲ್ಲಿ ಮಲಗುತ್ತೇನೆ. ಜುಲೈನಲ್ಲಿ ನಿನಗೆ ಬರೆದದ್ದೂ ಅದರಲ್ಲಿ ಕೂತೇ.

ಯಾಕೆ ಹೇಳಲಿಲ್ಲ? ನಾನು ಮುಂದೆ ನಿಂತವಳು. ನನ್ನ ಬದಿಗೆ ದುರಸ್ತಿ ಇದೆ, ಮೆನ್ನೋನ ಬದಿಗೆ ಇಲ್ಲ. ನನ್ನ ಬಿರುಕು ತೋರಿಸಿದರೆ "ಓಹೋ, ಇವಳು ಕೂಗುತ್ತಿದ್ದದ್ದು ತನ್ನ ಮನೆಗೆ" ಎನ್ನುತ್ತಾರೆ. ಎಲ್ಲರ ಮನೆ ಆಗಲಿ, ಕೊನೆಗೆ ನನ್ನದು, ಎಂದುಕೊಂಡೆ. ಊರಿಗೆ ಹೇಳದ್ದನ್ನು ನಿನಗೆ ಹೇಗೆ ಹೇಳಲಿ? ನೀನು ಇಲ್ಲಿ ಹುಟ್ಟಿದವನು! ಅಪ್ಪ ಸಾಯುವ ದಿನ ಬೆಳಿಗ್ಗೆ ಡಾಕ್ಟರು ಹೇಗಿದ್ದೀರಿ ಎಂದರೆ "ಪರವಾಗಿಲ್ಲ" ಎಂದರು. ನಮ್ಮ ಜನ ಕೈ ಮುರಿದರೆ ಇನ್ನೊಂದು ಇದೆ ಎನ್ನುತ್ತಾರೆ. "ಹೇಗೋ ನಡೆಯುತ್ತಿದೆ" ಎಂದರೆ ನಡೆಯುತ್ತಿಲ್ಲ ಎಂದು ನಿನಗೆ ತಿಳಿಯುವುದಿಲ್ಲವೇ? ತಿಳಿಯುತ್ತದೆ. ತಿಳಿದೇ ಮಾಡಿದೆ.

ಸಮಿತಿಯಿಂದ ಇಳಿದೆ. ಇಳಿಸಲಿಲ್ಲ, ಯಾರೂ ಮಾತೇ ಆಡಲಿಲ್ಲ. ಅದಕ್ಕಿಂತ ಇಳಿಸಿದ್ದರೆ ಚೆನ್ನಾಗಿತ್ತು. ಹೇಗ್‌ನ ಸಂಸದರ ಸಮಿತಿಯ ಮುಂದೆ ನಿಮ್ಮ ಆ ಹಾಳೆಯನ್ನು ಯಾರೋ ಇಟ್ಟಿದ್ದಾರಂತೆ. ಬಾವಿ ಮತ್ತೆ ತೆರೆಯಲು ಇದೇ ಸಾಕ್ಷಿ.

ನನ್ನ ಮನೆಯನ್ನು ನೆಲ ಸೀಳಿತು. ನನ್ನ ಊರನ್ನು ನೀನು ಸೀಳಿದೆ.

ಫ್ರೌಕೆ

ಹೋಲ್ಟ್‌ಕಾಂಪ್
ನವೆಂಬರ್ 13, 2022

ಅಕ್ಕಾ,

ನೀನು ಬರೆದದ್ದನ್ನೇ ನಾನು ಹೇಳಿದೆ. ಒಂದು ಅಕ್ಷರ ಸೇರಿಸಲಿಲ್ಲ. ಬರೆದದ್ದಕ್ಕೆ ಬರೆದವರೇ ಹೊಣೆ, ಅಮ್ಮನ ಕಾನೂನು.

ಅಷ್ಟು ಸಿಟ್ಟು ಬಂತಲ್ಲ, ಈಗ ನನ್ನದೂ ಕೇಳು. ನೀನು ಮೂರು ಕಾಗದ ಬರೆದೆ. ಮೂರರಲ್ಲೂ ಸುಳ್ಳು ಹೇಳಿದೆ. ತಮ್ಮನಿಗೇ ಸುಳ್ಳು ಹೇಳುವವಳು ಊರಿಗೆ ನಿಜ ಹೇಳುತ್ತಾಳೆ ಎಂದು ಹೇಗ್‌ನವರು ಯಾಕೆ ನಂಬಬೇಕು? ನೀನು ದೊಡ್ಡವಳಾಗಿರಬೇಕು, ತ್ಯಾಗಿಯಾಗಿರಬೇಕು. ನಿನ್ನ ಆ ಬಿಗುಮಾನಕ್ಕೆ ಯಾರು ಬೆಲೆ ತೆರಬೇಕು? ನನ್ನ ಜನವೇ?

ಇಲ್ಲಿ ಗ್ಯಾಸ್ ಹಂಚಿಕೆಯ ಪಟ್ಟಿ ಮಾಡುತ್ತಿದ್ದಾರೆ. ಮೊದಲು ಮನೆಗಳು, ಆಸ್ಪತ್ರೆಗಳು, ಕೊನೆಗೆ ಕಾರ್ಖಾನೆಗಳು. ಕಡಿತ ಬಂದರೆ ನಾವೇ ಮೊದಲ ಬಲಿ. ನಮ್ಮಲ್ಲಿ ನೂರೆಟಿನ್ ಎಂಬಾತ ಇದ್ದಾನೆ, ಅವನ ಅಪ್ಪನ ಕಾಲದಿಂದ ಈ ಕುಲುಮೆಯ ಮುಂದೆ ನಿಂತವರು ಅವರ ಮನೆಯವರು. ಅವನು ಮೊನ್ನೆ ಕೇಳಿದ, "ಚೇರ್ಮನ್ನರೇ, ಮಗಳ ಮದುವೆ ಮಾರ್ಚ್‌ಗೆ ಇಟ್ಕೊಳ್ಳಲಾ, ಈಗ್ಲೇ ಮುಗಿಸ್ಲಾ?" ನಾನು ಏನು ಹೇಳಬೇಕಿತ್ತು? ನನ್ನ ಅಕ್ಕನಿಗೆ ಬಾವಿ ಇಷ್ಟವಿಲ್ಲ, ಈಗಲೇ ಮುಗಿಸು ಎಂದೇ?

ಗೋಡೆ ಬಿದ್ದರೆ ಕಟ್ಟಬಹುದು. ಕುಲುಮೆ ಸತ್ತರೆ ಊರೇ ಹೋಗುತ್ತದೆ.

ಎಲ್ಟ್ಯೋ

ಹೆಲ್ಲರ್ಸುಮ್
ನವೆಂಬರ್ 24, 2022

ಎಲ್ಟ್ಯೋ,

ನೀನು ಹೇಳಿದ್ದರಲ್ಲಿ ಅರ್ಧ ನಿಜ. ನಾನು ಸುಳ್ಳು ಹೇಳಿದೆ. ಬಿಗುಮಾನವೂ ನಿಜ. ಆದ್ದರಿಂದ ಶನಿವಾರ ಮನೆಯ ಎಲ್ಲ ಬಾಗಿಲು ತೆರೆದಿಟ್ಟು ಊರವರನ್ನು ಕರೆದೆ. ಬಂದು ನೋಡಿ ಎಂದೆ. ಬಂದರು. ಬಿರುಕಿನಲ್ಲಿ ಕೈ ಹಾಕಿ ನೋಡಿದರು. ಮೆನ್ನೋನ ಹೆಂಡತಿ ಇಕ್ಯೆ ಬಿದ್ದ ಹೊಗೆಗೂಡು ನೋಡಿ ಹೇಳಿದಳು, "ಇಷ್ಟೆಲ್ಲ ಮುಚ್ಚಿಟ್ಟು, ಹೋರಾಟ ಅಂತ ನಮ್ಮ ಬಿರುಕಿನ ಮುಂದೆ ನಿಂತು ಫೋಟೋ ತೆಗೆಸ್ಕೊಂಡ್ಯಲ್ಲ ಫ್ರೌಕೆ. ನಾವೇನು ಭಿಕ್ಷೆಯೋರಾ?" ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರ ಕಣ್ಣಿಗೆ ಅದು ಜಂಬ.

ಉಳಿದ ಅರ್ಧ ಸುಳ್ಳು. ಕುಲುಮೆ ಸಾಯಬೇಕಿಲ್ಲ. ಅದು ನಿನಗೆ ಗೊತ್ತು.

ಡಿಸೆಂಬರ್ 15ಕ್ಕೆ ಹೇಗ್‌ನಲ್ಲಿ ಸಂಸದರ ಸಮಿತಿ ನನ್ನನ್ನು ಕರೆದಿದೆ. ಹೋರಾಟದ ನಾಯಕಿ ಎಂದಲ್ಲ, ಪತ್ರಿಕೆಯಲ್ಲಿ ಬಂದ ಮನೆಯ ಒಡತಿ ಎಂದು. ಅಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ: ಗಡಿಯಾಚೆ ಮುನ್ನೂರ ನಲವತ್ತು ಸಂಸಾರ ಬೀದಿಗೆ ಬೀಳುತ್ತದಂತಲ್ಲ, ಏನು ಹೇಳುತ್ತೀರಿ? ಆಗ ನಾನು ಹೇಳುತ್ತೇನೆ. ಎಣ್ಣೆ, ಬರ್ನರ್, ಬ್ರೋಕ್‌ಹೋಫ್, ಮೇ ತಿಂಗಳು. ಎಲ್ಲ ಹೇಳುತ್ತೇನೆ. ಯಾರು ಹೇಳಿದರು ಎಂದು ಕೇಳಿದರೆ ಅದನ್ನೂ ಹೇಳುತ್ತೇನೆ. ಹೆಸರಿಲ್ಲದ ಮಾತನ್ನು ಅವರು ಕಸದ ಬುಟ್ಟಿಗೆ ಹಾಕುತ್ತಾರೆ.

ಗುಟ್ಟು ಹೊರಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮುರಿಯುತ್ತಿದ್ದೇನೆ. ಆದರೆ ನಿನ್ನ ಹಾಗೆ ಹಿಂದಿನಿಂದಲ್ಲ, ಮುಖಕ್ಕೆ ಹೇಳಿಯೇ ಮುರಿಯುತ್ತಿದ್ದೇನೆ. 15ರೊಳಗೆ ನೀನೇ ನಿನ್ನ ಜನರ ಮುಂದೆ ನಿಂತು ಹೇಳು. ನೀನು ಹೇಳಿದರೆ ಅದು ಕಾರ್ಮಿಕನ ಮಾತು. ನಾನು ಹೇಳಿದರೆ ದ್ರೋಹ ಬಗೆದ ಅಕ್ಕನ ಮಾತು. ನಿನ್ನ ಕೆಲಸ ಎರಡರಲ್ಲೂ ಹೋಗುತ್ತದೆ. ಮಾನ ಒಂದರಲ್ಲಿ ಉಳಿಯುತ್ತದೆ.

ಇದು ಬೆದರಿಕೆಯೇ? ಹೌದು.

ಫ್ರೌಕೆ

ಹೋಲ್ಟ್‌ಕಾಂಪ್
ಡಿಸೆಂಬರ್ 3, 2022

ಹೇಳು. ಹೋಗಿ ಹೇಳು. ನನಗೆ ವಯಸ್ಸು ಐವತ್ತಾರು, ಈ ಊರಿನಲ್ಲಿ ನನ್ನ ಹೆಸರು ಎತ್ತಿದರೆ ಇನ್ನೊಂದು ಕಾರ್ಖಾನೆ ಗೇಟು ತೆರೆಯುವುದಿಲ್ಲ. ನಿನ್ನ ಹಸು ಹಾಲು ಕೊಡುತ್ತದೆ, ನನ್ನ ಕುಲುಮೆ ನನ್ನ ಮನೆಯದ್ದಲ್ಲ. ಒಬ್ಬ ಸಂಸದನ ಮೆಚ್ಚುಗೆಗೆ ತಮ್ಮನನ್ನು ಮಾರುತ್ತೀಯ, ಮಾರು. ಆಮೇಲೆ ನನಗೆ ಅಕ್ಕ ಇಲ್ಲ. ನಿನಗೆ ತಮ್ಮ ಇಲ್ಲ. ಇನ್ನು ಬರೆಯಬೇಡ.

ಎಲ್ಟ್ಯೋ

ಹೋಲ್ಟ್‌ಕಾಂಪ್
ಡಿಸೆಂಬರ್ 13, 2022

ಅಕ್ಕಾ,

ಬರೆಯಬೇಡ ಎಂದವನೇ ಬರೆಯುತ್ತಿದ್ದೇನೆ. ತುರ್ತು ಅಂಚೆಯಲ್ಲಿ ಹಾಕುತ್ತೇನೆ, ನೀನು ರೈಲು ಹತ್ತುವ ಮೊದಲು ಕೈಸೇರಬೇಕು.

ನಿನ್ನ ಕಾಗದ ಬಂದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಫೋಟೋ ಕೇಳುವಾಗ "ಮುಂಭಾಗದ್ದು" ಎಂದು ನಾನು ಯಾಕೆ ಬರೆದೆ? ಸುಮ್ಮನೆ ಮನೆಯ ಫೋಟೋ ಎನ್ನಬಹುದಿತ್ತು. ಹಿಂಭಾಗ ನೋಡಲು ನನಗೆ ಇಷ್ಟವಿರಲಿಲ್ಲ. ಅಂದರೆ ಗೊತ್ತಿತ್ತು. ನೀನು ಹೇಳಿದ್ದು ಸರಿ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ನಿನ್ನೆ ಮಧ್ಯಾಹ್ನ ಪಾಳಿ ಬದಲಾಗುವಾಗ ಊಟದ ಕೋಣೆಯಲ್ಲಿ ಮೇಜಿನ ಮೇಲೆ ಹತ್ತಿ ನಿಂತೆ. ಎಲ್ಲರೂ ಗ್ಯಾಸಿನ ಸುದ್ದಿ ಎಂದುಕೊಂಡರು.

"ಎರಡು ಮಾತಿದೆ," ಎಂದೆ. "ಒಂದು, ನನ್ನ ಅಕ್ಕನ ಮನೆ ನಿಂತಿಲ್ಲ. ಆಕೆ ಮೇ ತಿಂಗಳಿಂದ ಅಂಗಳದಲ್ಲಿ ಮಲಗ್ತಿದ್ದಾಳೆ. ಪೇಪರಿನೋರಿಗೆ ನಾನು ಹೇಳಿದ್ದು ಸುಳ್ಳು."

ಹಿಂದಿನಿಂದ ಒಬ್ಬ ಕೂಗಿದ, "ಅಕ್ಕನ ಗೋಡೆಗೆ ನಮ್ಮ ಅನ್ನ ಮೆತ್ತೋಕೆ ಬಂದ್ಯೇನೋ?"

"ಎರಡನೇದು ಕೇಳಿ. ಬರ್ನರ್ ಬದಲಿಸಿದ್ರೆ ನಮ್ಮ ಕುಲುಮೆ ಎಣ್ಣೇಲಿ ಉರಿಯುತ್ತೆ. ಬ್ರೋಕ್‌ಹೋಫ್‌ಗೆ ಮೇ ತಿಂಗಳಿಂದ ಗೊತ್ತು. ನನಗೂ ಗೊತ್ತು."

ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳು ಎದ್ದಳು. "ಮೇ ತಿಂಗಳಿಂದ? ಸೆಪ್ಟೆಂಬರ್‌ನಲ್ಲಿ ನಮ್ಮನ್ನೆಲ್ಲ ಬೀದೀಲಿ ಬೋರ್ಡ್ ಹಿಡ್ಸಿ ನಿಲ್ಲಿಸಿದ್ಯಲ್ಲೋ! ಗ್ಯಾಸ್ ಕೊಡಿ, ಗ್ಯಾಸ್ ಕೊಡಿ ಅಂತ ನಾನು ಗಂಟಲು ಹರ್ಕೊಂಡೆ!"

"ಹೌದು."

ನೂರೆಟಿನ್ ಮುಂದೆ ಬಂದ. ಅವನು ಕೂಗುವವನಲ್ಲ. "ಚೇರ್ಮನ್ನರೇ, ಒಂದು ಕೇಳ್ತೀನಿ. ಸುಳ್ಳು ಹೇಳಿದ್ದು ನಿಮ್ಮ ಅಕ್ಕನಿಗಾ, ನಮಗಾ?"

"ಇಬ್ಬರಿಗೂ."

"ಹಾಗಾದ್ರೆ ಕೆಳಗಿಳೀರಿ. ಮೇಜಿನಿಂದಾನೂ, ಕುರ್ಚಿಯಿಂದಾನೂ. ಆಮೇಲೆ ಮುಂದಿನ ಕೆಲಸ ನೋಡೋಣ."

ಅಲ್ಲೇ ಕೈ ಎತ್ತಿಸಿದರು. ನನ್ನ ಪರವಾಗಿ ಒಂದು ಕೈಯೂ ಏಳಲಿಲ್ಲ, ನನ್ನದೂ ಸೇರಿ. ಆಮೇಲೆ ಎಲ್ಲರೂ, ಎರಡೂ ಪಾಳಿಯವರು, ಬ್ರೋಕ್‌ಹೋಫ್‌ನ ಕಚೇರಿಯ ಮೆಟ್ಟಿಲು ಹತ್ತಿದರು. ಬರ್ನರ್ ಯಾವಾಗ ಎಂದು ಕೇಳಲು. ನಾನು ಹೋಗಲಿಲ್ಲ. ಯಾರೂ ಕರೆಯಲಿಲ್ಲ. ಸಂಜೆಗೆ ನನ್ನನ್ನು ಕೆಲಸದಿಂದ ಹೊರಗಿಟ್ಟ ಆದೇಶ ಬಂತು. ಅವನು ಅವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಅವರು ಇನ್ನೂ ಮೆಟ್ಟಿಲ ಮೇಲೆ ಸರದಿಯಲ್ಲಿ ಕೂತಿದ್ದಾರೆ, ಕುಲುಮೆಗೆ ಬೇಕಾದಷ್ಟು ಜನರನ್ನು ಮಾತ್ರ ಕೆಳಗೆ ಬಿಟ್ಟು.

ಹೇಗ್‌ನಲ್ಲಿ ನೀನು ನನ್ನ ಹೆಸರು ಹೇಳಬಹುದು. ಈಗ ಅದು ಗುಟ್ಟಲ್ಲ.

ಕ್ರಿಸ್‌ಮಸ್‌ಗೆ ಮನೆಗೆ ಬರಲೇ? ಹಿಂಬಾಗಿಲಿಂದ.

ಎಲ್ಟ್ಯೋ

ಹೆಲ್ಲರ್ಸುಮ್
ಡಿಸೆಂಬರ್ 18, 2022

ತಮ್ಮಾ,

ನಿನ್ನ ಕಾಗದ ಸಮಯಕ್ಕೆ ಬಂತು. ರೈಲಿನಲ್ಲಿ ಓದಿದೆ. ಎದುರು ಕೂತ ಲೆಸ್ಯಾ "ಕೆಟ್ಟ ಸುದ್ದಿಯಾ?" ಎಂದಳು. ತಮ್ಮ ಕೆಲಸ ಕಳಕೊಂಡ ಎಂದೆ. "ಮತ್ತೆ ಯಾಕೆ ನಗ್ತೀರಿ?" ಎಂದಳು.

ಹೇಗ್‌ನಲ್ಲಿ ಏನಾಯಿತು ಕೇಳು. ನುಣ್ಣಗೆ ಬಾಚಿಕೊಂಡ ಒಬ್ಬ ಸಂಸದ ಆ ಪತ್ರಿಕೆಯ ಹಾಳೆ ಎತ್ತಿ ತೋರಿಸಿದ. "ಮೇಡಂ, ಯುರೋಪು ಯುದ್ಧದ ಅಂಚಿನಲ್ಲಿದೆ. ನಿಮ್ಮ ಮನೆಯಂತೂ ಗಟ್ಟಿಯಾಗಿದೆ. ಉಕ್ರೇನಿಗಾಗಿ ಸ್ವಲ್ಪ ಸಹಿಸಬಾರದೇ?"

ನಾನು ಹೇಳಿದೆ, "ಮನೆ ಗಟ್ಟಿಯಾಗಿದೆ ಅಂತ ನನ್ನ ತಮ್ಮ ಹೇಳಿದ್ದು ಸುಳ್ಳು. ಅವನಿಗೆ ಆ ಸುಳ್ಳು ಹೇಳಿದ್ದು ನಾನು. ಯಾರಿಗೂ ತೊಂದರೆ ಕೊಡಬಾರದು ಅಂತ ಹೇಳಿದೆ. ನಮ್ಮ ಈ ತೊಂದರೆ ಕೊಡದ ಬುದ್ಧಿಯ ಮೇಲೆ ನೀವು ಅರವತ್ತು ವರ್ಷ ಬೆಂಕಿ ಕಾಯಿಸಿಕೊಂಡಿರಿ ಸ್ವಾಮೀ. ಇನ್ನು ಕೊಡ್ತೀವಿ. ಉಕ್ರೇನಿನ ಮಾತು ಕೇಳಿದ್ರಿ. ಹಿಂದೆ ಕೂತಿದ್ದಾಳೆ, ಖಾರ್ಕಿವ್‌ನವಳು. ನನ್ನ ಕೊಟ್ಟಿಗೇಲಿ ನೆಲ ನಡುಗಿದಾಗ ಅವಳು ಎಲ್ಲಿ ಅವಿತ್ಕೊಂಡ್ಲು ಅಂತ ಅವಳನ್ನೇ ಕೇಳಿ. ಅವಳ ಹೆಸರಲ್ಲಿ ನನ್ನ ಮನೆ ಕೆಡವಬೇಡಿ, ನನ್ನ ಹೆಸರಲ್ಲಿ ಅವಳನ್ನ ಹೆದರಿಸಬೇಡಿ."

ಕಾರ್ಖಾನೆಯ ಮಾತೂ ಬಂತು. ನಿನ್ನ ಹೆಸರು ಹೇಳಿದೆ. ಈಗ ಅಲ್ಲಿನ ಜನ ಮೆಟ್ಟಿಲ ಮೇಲೆ ಕೂತಿದ್ದಾರೆ ಎಂದೂ ಹೇಳಿದೆ. ಬರೆದುಕೊಂಡರು. ಗಂಟೆ ಬಾರಿಸಿ "ವಂದನೆಗಳು" ಎಂದರು. ಬಾವಿಯ ತೀರ್ಮಾನ ವಸಂತಕ್ಕಂತೆ. ಗೆದ್ದೆವು ಎಂದು ಬರೆಯಲಾರೆ. ಬಾವಿಯ ದೀಪ ಇನ್ನೂ ಉರಿಯುತ್ತಲೇ ಇದೆ.

ನೀನು ಬರುವ ವಿಷಯ ಇಕ್ಯೆಗೆ ಹಾಲಿನ ಡೈರಿಯ ಹತ್ತಿರ ಹೇಳಿದೆ. ಅವಳು ಕ್ಯಾನು ಎತ್ತಿಕೊಂಡು ಹೊರಟುಹೋದಳು. ಆದರೆ ಇವತ್ತು ಬೆಳಿಗ್ಗೆ ಮೆನ್ನೋ ಟ್ರಾಕ್ಟರಿನಲ್ಲಿ ಬಂದ. ಹಿಂದೆ ಆರು ಮರದ ಕಂಬ, ಅವನ ಮನೆಯ ಗೋಡೆಗೆ ಆನಿಸಿದ್ದ ಕಂಬಗಳೇ, ಅರ್ಧದಷ್ಟನ್ನು ಬಿಚ್ಚಿ ತಂದಿದ್ದ. ಪತ್ರಿಕೆ ಬಂದಂದಿನಿಂದ ನನ್ನ ಜೊತೆ ಮಾತಾಡದವನು ಇವತ್ತೂ ನನ್ನ ಮುಖ ನೋಡಲಿಲ್ಲ. ಗೋಡೆ ನೋಡಿಕೊಂಡು ಕೇಳಿದ:

"ಅವನು ಯಾವ ಕೋಣೇಲಿ ಮಲಗ್ತಾನೆ?"

"ಯಾಕೆ?"

"ಕಂಬ ಎಲ್ಲಿ ಕೊಡಬೇಕು ಅಂತ."

ನಿನ್ನ ಹಳೆಯ ಕೋಣೆ ಎಂದೆ. ಕಾಫಿ ಬೇಕೇ ಎಂದೆ. ಬೇಡ ಎಂದ. ಮಧ್ಯಾಹ್ನದವರೆಗೆ ಒಬ್ಬನೇ ಸುತ್ತಿಗೆ ಹೊಡೆದು, ಛಾವಣಿಗೆ ಆರೂ ಕಂಬ ಆನಿಸಿ, ಒಂದೊಂದನ್ನೂ ಭುಜದಿಂದ ಗುದ್ದಿ ನೋಡಿ ಹೋದ.

ನೆರೆಯವನ ಮನೆಗೆ ಅತಿಥಿ ಬಂದರೆ ಸೂರು ನೋಡುವುದು ನಮ್ಮ ಕಡೆ ನೆರೆಯವರ ಕರ್ತವ್ಯ, ನೀನು ಮರೆತಿರಬಹುದು. ಇಷ್ಟ ಅನಿಷ್ಟ ಅದಕ್ಕೆ ಸೇರುವುದಿಲ್ಲ. ಆದ್ದರಿಂದ ಬಾ. ಆದರೆ ತಿಳಿದುಕೊಂಡು ಬಾ: ಇಲ್ಲಿ ಯಾರೂ ನಿನ್ನನ್ನು ಕ್ಷಮಿಸಿಲ್ಲ. ನನ್ನನ್ನೂ ಕ್ಷಮಿಸಿಲ್ಲ. ಕಂಬ ಕೊಟ್ಟಿದ್ದಾರೆ, ಅಷ್ಟೆ.

ಫ್ರೌಕೆ